ನಡುಕೋಣೆಯ ಕೆಂಪು ಎಲೆ

ಕಾರ್ಕಳದಿಂದ ಬಜಗೋಳಿಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಮನೆ. ಅದರ ನಡುಕೋಣೆಯನ್ನು ನಾವು ಯಾರೂ ಕೋಣೆ ಎಂದು ಲೆಕ್ಕಕ್ಕೆ ಹಿಡಿದವರಲ್ಲ. ಅಪ್ಪನ ಗಾಜಿನ ಅಂಗಡಿಯಲ್ಲಿ ಉಳಿದ ಕನ್ನಡಿ ಚೂರು, ಅಮ್ಮ ಕಲಿಸುವ ಹೈಸ್ಕೂಲಿನ ಹಳೆಯ ಉತ್ತರಪತ್ರಿಕೆಗಳ ಕಟ್ಟು, ಕಾಲು ಮುರಿದ ಮಣೆ, ನನಗೆ ಸಣ್ಣದಾದ ಚಪ್ಪಲಿ, ಹೀಗೆ ಬಿಸಾಡಲು ಮನಸ್ಸು ಬಾರದ್ದೆಲ್ಲ ಅಲ್ಲಿ ಸೇರುತ್ತಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಮ್ಮ ಎರಡನೆಯ ಸಲ ಬಸುರಿಯಾದಳು. ಆಗ ಆ ಕೋಣೆಗೆ ಶುಕ್ರದೆಸೆ ಬಂತು. ಅಮ್ಮನ ಅಮ್ಮ ಅಜೆಕಾರಿನಿಂದ ಬಂದಿಳಿದಳು. ಒಳ್ಳೆಮೆಣಸು, ಬೆಳ್ಳುಳ್ಳಿ, ಹುರುಳಿ, ಗಾಣದ ಎಣ್ಣೆ, ಒಗೆದು ಒಗೆದು ಮೆತ್ತಗಾದ ಹಳೆಯ ಸೀರೆಯ ತುಂಡುಗಳು, ಎಲ್ಲವನ್ನೂ ಬಸ್ಸಿನಲ್ಲಿ ಹೊತ್ತು ತಂದಿದ್ದಳು. ಬಂದ ಮರುದಿನವೇ ಕೋಣೆಯನ್ನು ಖಾಲಿ ಮಾಡಿಸಿ, ತೊಳೆಸಿ, ಜಂತಿಗೆ ತೊಟ್ಟಿಲಿನ ಹಗ್ಗ ಹಾಕಿಸಿದಳು. ಅಜೆಕಾರಿನಲ್ಲಿ ಅರ್ಧ ಊರಿನ ಮಕ್ಕಳು ಅವಳ ಕಾಲ ಮೇಲೆ ಮಲಗಿ ಮಿಂದವರು. ಮೊಣಕೈ ಅದ್ದಿ ನೀರಿನ ಹದ ನೋಡುತ್ತಿದ್ದಳು. ಅವಳಿಗೆ ಆ ವಿಷಯದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ.

"ಮೀಯಿಸುವುದು ನಾನು. ಬೇರೆ ಯಾರೂ ಕೈ ಹಾಕುವುದು ಬೇಡ," ಎಂದು ಮೊದಲೇ ಹೇಳಿ ಇಟ್ಟಿದ್ದಳು.

ಮಗು ಬರಲಿಲ್ಲ. ಆಸ್ಪತ್ರೆಗೆ ಹೊರಡುವ ಮೊದಲೇ ಹೊಟ್ಟೆಯೊಳಗಿನ ಅಲುಗಾಟ ನಿಂತಿತ್ತಂತೆ. ಇದನ್ನು ಮನೆಯಲ್ಲಿ ನನಗೆ ಯಾರೂ ಹೇಳಲಿಲ್ಲ, ಬದಿಯ ಮನೆಯವರು ಬೇಲಿಯ ಹತ್ತಿರ ಮಾತಾಡುವಾಗ ಕಿವಿಗೆ ಬಿತ್ತು. ಗಂಡು ಎಂಬುದೂ ಹಾಗೆಯೇ ಗೊತ್ತಾಯಿತು. ಅಮ್ಮ ಆಸ್ಪತ್ರೆಯಲ್ಲೇ ಇದ್ದಾಗ ಅಜ್ಜಿ ಒಂದು ದಿನ ಅಜೆಕಾರಿಗೆ ಹೋಗಿ ಬಂದಳು. ಎಂತಕ್ಕೆ ಎಂದು ಕೇಳಿದೆ. ತೋಟದ ಕೆಲಸ ಇತ್ತು ಅಂದಳು. ಬಂದವಳು ತೊಟ್ಟಿಲಿನ ಹಗ್ಗ ಬಿಚ್ಚಿಸಿ, ಸೀರೆಯ ತುಂಡುಗಳನ್ನು ಮಡಚಿ ಅಟ್ಟದ ಮೇಲಿಟ್ಟಳು. ಆಮೇಲೆ ನನ್ನನ್ನೂ ಅಪ್ಪನನ್ನೂ ಅಡುಗೆಮನೆಗೆ ಕರೆದು ಬಾಯಿಗೆ ಬೀಗ ಹಾಕಿದಳು.

"ಅದರ ಸುದ್ದಿ ಎತ್ತಬಾರದು. ಎತ್ತಿದರೆ ಅವಳ ಮನಸ್ಸಿಗೆ ಹಿಡಿಯುತ್ತದೆ. ಎತ್ತದಿದ್ದರೆ ಮರೆಯುತ್ತಾಳೆ."

ಮಗು ಇಲ್ಲದಿದ್ದರೂ ಬಾಣಂತನ ತಪ್ಪಲಿಲ್ಲ. ಹೆತ್ತ ದೇಹ ಹೆತ್ತದ್ದೇ ತಾನೆ ಎಂಬುದು ಅಜ್ಜಿಯ ವಾದ, ಅದರಲ್ಲಿ ತಪ್ಪೂ ಇರಲಿಲ್ಲ. ಬೆಳಿಗ್ಗೆ ಬಚ್ಚಲಿನಲ್ಲಿ ತೆಂಗಿನ ಸಿಪ್ಪೆಯ ಬೆಂಕಿ, ತಾಮ್ರದ ಹಂಡೆ ತುಂಬ ಕುದಿಯುವ ನೀರು, ಎಣ್ಣೆ ತಿಕ್ಕಿ ಸ್ನಾನ. ಮಧ್ಯಾಹ್ನ ಒಳ್ಳೆಮೆಣಸು, ಬೆಳ್ಳುಳ್ಳಿಯ ಸಾರು, ಬಿಸಿ ಅನ್ನ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿ ಬಾಗಿಲು ಭದ್ರ. ತಣ್ಣೀರು ಕುಡಿಯುವುದಿರಲಿ, ಮುಟ್ಟಿದರೂ ಮುಗಿಯಿತು. ಮುದುಕಿಯಾದ ಮೇಲೆ ಗಂಟುಗಂಟಿನ ನೋವಾಗಿ ಅದು ಲೆಕ್ಕ ಕೇಳಿಯೇ ಕೇಳುತ್ತದೆ ಎಂದು ಅಜ್ಜಿ ಹೆದರಿಸುತ್ತಿದ್ದಳು. ಅಮ್ಮ ಯಾವುದಕ್ಕೂ ಎದುರಾಡಲಿಲ್ಲ. ಹೂಂ, ಬೇಡ, ಸಾಕು. ದಿನಕ್ಕೆ ಈ ಮೂರು ಮಾತು ಬಂದರೆ ಹೆಚ್ಚು. ಉಳಿದ ಹೊತ್ತು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅಳಲೂ ಇಲ್ಲ. ನಮ್ಮ ಮನೆಯ ಮಾತು ತುಳುವಾದರೂ ಟೀಚರಾದ ಅಮ್ಮ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದಳು, ಹಾಗಾಗಿ ಆ ದಿನಗಳಲ್ಲಿ ಮನೆಯೊಳಗೆ ಕನ್ನಡವೇ ಇಲ್ಲದಂತಾಯಿತು. ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತರೂ ಅವಳು ತಿರುಗಿ ನೋಡುತ್ತಿರಲಿಲ್ಲ. ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚು. ಸತ್ತದ್ದು ಅವನು, ನಾನಲ್ಲ. ಆದರೆ ಅಮ್ಮನಿಲ್ಲದೆ ಇದ್ದದ್ದು ನಾನು.

ಅಪ್ಪ ಮಾತಿನ ಮನುಷ್ಯನಲ್ಲ. ಗಾಜನ್ನು ಎಲ್ಲಿ ಹಿಡಿಯಬೇಕೆಂದು ಗೊತ್ತಿದ್ದವನಿಗೆ ಹೆಂಡತಿಯನ್ನು ಎಲ್ಲಿಂದ ಮಾತಾಡಿಸಬೇಕೆಂದು ಗೊತ್ತಾಗಲಿಲ್ಲ. ಆಗ ಅವನ ಅಂಗಡಿಯಲ್ಲಿ ಮೂರಡಿ ಉದ್ದದ ಒಂದು ಅಕ್ವೇರಿಯಂ ತೊಟ್ಟಿ ಬಿದ್ದುಕೊಂಡಿತ್ತು. ಮಣಿಪಾಲದ ಒಬ್ಬರು ಡಾಕ್ಟರು ಹೇಳಿ ಮಾಡಿಸಿದ್ದು. ತಯಾರಾದ ಮೇಲೆ ಮನೆಯಲ್ಲಿ ಸೊಳ್ಳೆಯಾಗುತ್ತದೆ ಎಂದು ಅವರ ಹೆಂಡತಿ ಬೇಡವೆಂದಿದ್ದರು. ಅಪ್ಪ ಅದನ್ನು ರಿಕ್ಷಾದಲ್ಲಿ ಮನೆಗೆ ತಂದು, ನಡುಕೋಣೆಯಲ್ಲಿ ಅಮ್ಮ ದಿಟ್ಟಿಸುತ್ತಿದ್ದ ಅದೇ ಗೋಡೆಗೆ ಒತ್ತಿ ಬೆಂಚಿನ ಮೇಲಿಟ್ಟ. ಕಾಪು ಕಡಲ ಬದಿಯಿಂದ ಗೋಣಿ ತುಂಬ ಬಿಳಿ ಮರಳು ತಂದು ತೊಳೆದು ಹಾಕಿದ. ಉಡುಪಿಯ ಅಂಗಡಿಯಿಂದ ಬೆರಳಷ್ಟುದ್ದದ ಟೆಟ್ರಾ ಮೀನುಗಳು, ಎರಡು ಕಟ್ಟು ಹಸಿರು ಗಿಡ, ಒಂದು ಕಟ್ಟು ಕೆಂಪು ಗಿಡ. ಎಳೆ ಮಾವಿನ ಚಿಗುರಿನ ಕೆಂಪು ಅದು. ತೊಟ್ಟಿಯ ನೀರು ತುಂಬುವಾಗ ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡಳು. ಅಪ್ಪ ಕೈ ಒರೆಸಿಕೊಂಡು ಅಂಗಡಿಗೆ ಹೋದ.

ಕೆಲವು ದಿನ ಕಳೆಯಿತು. ಕೆಂಪು ಗಿಡದಲ್ಲಿ ಬಂದ ಹೊಸ ಎಲೆಗಳೆಲ್ಲ ಹಸಿರು, ಅದೂ ಸಪ್ಪೆ ಹಸಿರು. ಹಳೆಯ ಎಲೆ ಒಂದೊಂದೇ ಉದುರಿ ಮರಳಿನ ಮೇಲೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ಅಪ್ಪ ಗಂಜಿಯ ಬಟ್ಟಲು ಇಡಲು ಒಳಗೆ ಹೋದಾಗ ಅಮ್ಮ ಗೋಡೆಯ ಕಡೆ ಮಲಗಿದಲ್ಲಿಂದಲೇ ಕೇಳಿದಳು.

"ಇದು ತರುವಾಗ ಕೆಂಪಿತ್ತಲ್ಲ?"

"ಇತ್ತು," ಅಂದ ಅಪ್ಪ.

"ಮತ್ತೆ ಎಂತಕ್ಕೆ ಹಸಿರಾಯಿತು?"

ಅಪ್ಪ ಗಂಜಿಯ ಬಟ್ಟಲು ಇಡುವುದನ್ನೂ ಮರೆತ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಚಾವಡಿಗೆ ಬಂದ. ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಕೇಳಿದ ಮೊದಲ ಪ್ರಶ್ನೆ ಅದು.

"ಅದು ಕೆಂಪಾಗಬೇಕು ಮಗಾ. ಹೇಗಾದರೂ ಮಾಡಿ ಆಗಬೇಕು," ಅಂದ ನನ್ನ ಹತ್ತಿರ. ಅಂದಿನಿಂದ ಮನೆಯಲ್ಲಿ ಬೇರೆ ಕೆಲಸವಿಲ್ಲ. ಎಲೆ ಕೆಂಪಾದರೆ ಅಮ್ಮ ಮರಳಿ ಬರುತ್ತಾಳೆ, ಆಗದಿದ್ದರೆ ಇಲ್ಲ: ಅಪ್ಪ ಹಾಗೆಂದು ಹೇಳಲಿಲ್ಲ, ನನಗೂ ಹೇಳಬೇಕಾಗಿರಲಿಲ್ಲ.

ಉಡುಪಿಯ ಅಂಗಡಿಯವನು ಬೆಳಕು ಸಾಲದು ಅಂದ. ಅಪ್ಪ ತಗಡಿನ ಮರೆ ಮಾಡಿ ಎರಡು ಟ್ಯೂಬ್‌ಲೈಟ್ ಕೂರಿಸಿದ. ಕತ್ತಲೆಯಲ್ಲಿರಬೇಕಾದ ಬಾಣಂತಿ ಕೋಣೆ ಮದುವೆ ಹಾಲಿನ ಹಾಗೆ ಬೆಳಗತೊಡಗಿತು. ಅಜ್ಜಿ ಬಾಗಿಲಲ್ಲಿ ನಿಂತು, "ಹೆತ್ತವಳ ಕಣ್ಣು ಹೋಗುತ್ತದೆ, ಈ ಮನುಷ್ಯನಿಗೆ ಹೇಳುವವರು ಯಾರೂ ಇಲ್ಲವಾ," ಎಂದು ನನಗೆ ಹೇಳುವಂತೆ ಅಳಿಯನಿಗೆ ಹೇಳಿದಳು. ಅಳಿಯ ಕೇಳಿಸದವನಂತೆ ವಯರ್ ಸುತ್ತುತ್ತಿದ್ದ. ಬೆಳಕು ಬಂದರೂ ಎಲೆ ಕೆಂಪಾಗಲಿಲ್ಲ, ಪಾಚಿ ಮಾತ್ರ ಬಂತು. ಅದನ್ನು ಕೆರೆಯುತ್ತ ಅಪ್ಪ ಗೊಣಗುತ್ತಿದ್ದಾಗ ಅಮ್ಮ ಎದ್ದು ಕುಳಿತಳು.

"ಮರಳು ಎಲ್ಲಿಯದು?"

"ಕಾಪುವಿನದ್ದು. ಏಳು ನೀರಿನಲ್ಲಿ ತೊಳೆದಿದ್ದೇನೆ."

"ತೊಳೆದರೆ ಉಪ್ಪು ಹೋಗುತ್ತದೆ, ಚಿಪ್ಪು ಹೋಗುತ್ತದಾ? ಒಂದು ಲಿಂಬೆಹುಳಿ ತಾ," ಅಂದಳು ನನಗೆ.

ನಾನು ಅಡುಗೆಮನೆಗೆ ಓಡಿದೆ. ಗೋಣಿಯಲ್ಲಿ ಉಳಿದಿದ್ದ ಒಣ ಮರಳನ್ನು ಒಂದು ಬಶಿಗೆ ಹಾಕಿ ಅಮ್ಮ ಅದರ ಮೇಲೆ ಲಿಂಬೆ ಹಿಂಡಿದಳು. ಮರಳಿನ ನಡುವೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಚಿಪ್ಪಿನ ಚೂರು ನೀರಿನಲ್ಲಿ ಕರಗುತ್ತ ಇರುತ್ತದೆ, ನೀರು ಗಡುಸಾಗುತ್ತದೆ, ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ ಎಂದು ಒಂಬತ್ತನೇ ಕ್ಲಾಸಿಗೆ ಪಾಠ ಮಾಡುವ ಧ್ವನಿಯಲ್ಲಿ ಹೇಳಿದಳು. ತಲೆಯ ಬಟ್ಟೆ ಜಾರಿತ್ತು, ಕಿವಿಯ ಹತ್ತಿ ಹಾಗೇ ಇತ್ತು. ಅಪ್ಪ ಸೋತ ಮುಖ ಮಾಡಿಕೊಂಡು ನಿಂತಿದ್ದರೂ ಒಳಗೆ ಅವನಿಗಾದ ಸಂತೋಷ ನನಗೆ ಕಾಣುತ್ತಿತ್ತು. ಮರುದಿನವೇ ಮರಳೆಲ್ಲ ಹೊರಗೆ ಹೋಯಿತು. ತಳಕ್ಕೆ ನಮ್ಮ ಹಿತ್ತಿಲಿನ ಕೆಂಪು ಮಣ್ಣಿನ ತೆಳು ಹಾಸು, ಮೇಲೆ ಕಲ್ಲುಕೋರೆಯಿಂದ ತಂದ ಕಪ್ಪು ಶಿಲೆಯ ಜಲ್ಲಿ. ಅದಕ್ಕೆ ಲಿಂಬೆ ಹಿಂಡಿದರೆ ಎಂತದೂ ಆಗುವುದಿಲ್ಲ ಎಂದು ಅಮ್ಮ ಮೊದಲೇ ಪರೀಕ್ಷೆ ಮಾಡಿದ್ದಳು.

ಇನ್ನೊಂದು ಬೇಕಿತ್ತು: ಗಿಡದ ಆಹಾರಕ್ಕೆ ನೀರೊಳಗೆ ಇಂಗಾಲದ ಗ್ಯಾಸಿನ ಗುಳ್ಳೆ. ಸಿಲಿಂಡರ್ ಇಟ್ಟು ಬಿಡುವ ದೊಡ್ಡಸ್ತಿಕೆ ನಮ್ಮದಲ್ಲ. ಬಾಟ್ಲಿಯಲ್ಲಿ ಬೆಲ್ಲದ ನೀರು ಹುದುಗಿಸಿದರೆ ಸಾಕು ಎಂದಳು ಅಮ್ಮ. ಹುದುಗಿಸಲು ಅಪ್ಪನಿಗೆ ಹೊಳೆದದ್ದು ಕಳ್ಳು. ನಮ್ಮಲ್ಲಿ ಅಪ್ಪದ ಹಿಟ್ಟು ಉಬ್ಬಲು ಹಾಕುವುದು ಅದನ್ನೇ. ತಂಪು ಪಾನೀಯದ ಖಾಲಿ ಬಾಟ್ಲಿ, ಮೆಡಿಕಲಿನಿಂದ ಡ್ರಿಪ್ಪಿನ ನಳಿಗೆ, ಒಳಗೆ ಬೆಲ್ಲ ಮತ್ತು ಒಂದು ಕುಡ್ತೆ ಅಳತೆಯ ಕಳ್ಳು. ಸಂಜೆಗೆ ಗುಳ್ಳೆ ಒಂದೊಂದೇ ಏರತೊಡಗಿತು. ಕೋಣೆಯ ತುಂಬ ಕಳ್ಳಿನ ಗಡಂಗಿನ ವಾಸನೆಯೂ ಏರಿತು. ಅಜ್ಜಿ ಮೊದಲು ಅಳಿಯನ ಬಾಯಿ ಮೂಸಿ ನೋಡುವಷ್ಟು ಹತ್ತಿರ ಹೋದಳು, ಆಮೇಲೆ ಬೆಂಚಿನ ಅಡಿಯಲ್ಲಿ ಬಾಟ್ಲಿ ಕಂಡಳು.

"ಬಾಣಂತಿ ಕೋಣೆಯಲ್ಲಿ ಕಳ್ಳು ಇಡುವ ಮನೆ ನಾನು ಎಲ್ಲಿಯೂ ನೋಡಲಿಲ್ಲ ಮಾರಾಯ್ರೇ."

"ಅದು ಗಿಡಕ್ಕೆ," ಅಂದ ಅಪ್ಪ.

"ಗಿಡಕ್ಕೆ ಕುಡಿಸುವವರನ್ನೂ ನೋಡಲಿಲ್ಲ."

ಅಮ್ಮನ ತುಟಿಯ ತುದಿ ಸ್ವಲ್ಪ ಅಲುಗಿತು. ನಗು ಎಂದು ಹೇಳುವಷ್ಟಿರಲಿಲ್ಲ. ನಾನಂತೂ ಆ ರಾತ್ರಿಯ ಊಟವನ್ನು ತುಂಬ ದಿನಗಳ ಮೇಲೆ ಹೊಟ್ಟೆ ತುಂಬ ಮಾಡಿದೆ.

ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ ಎಲೆ ತಿರುಗಿತು. ಮೊದಲು ಬೆಳಕಿಗೆ ಹತ್ತಿರವಿದ್ದ ತುದಿ ಕಂದುಬಣ್ಣವಾಯಿತು, ಆಮೇಲೆ ಅದರ ಕೆಳಗಿನ ಜೋಡಿ, ಆಮೇಲೆ ಎಲ್ಲ ತುದಿಗಳೂ ಕೆಂಪು. ಅಮ್ಮ ನನ್ನನ್ನು ಮಂಚಕ್ಕೆ ಕರೆದು ಬದಿಯಲ್ಲಿ ಕೂರಿಸಿಕೊಂಡಳು. ಕೆಂಪಾದರೆ ಗಿಡಕ್ಕೆ ಖುಷಿಯಾಗಿದೆ ಅಂತ ಅಲ್ವಾ ಎಂದು ಕೇಳಿದೆ.

"ಅಲ್ಲ. ಬೆಳಕು ತಡೆಯಲಿಕ್ಕೆ ಆಗದಷ್ಟು ಬಿದ್ದರೆ ಎಲೆ ತನ್ನನ್ನು ಉಳಿಸಿಕೊಳ್ಳಲಿಕ್ಕೆ ಕೆಂಪಾಗುತ್ತದೆ. ಮಾವಿನ ಚಿಗುರು ಎಂತಕ್ಕೆ ಕೆಂಪು? ಎಳೆಯದು, ಬಿಸಿಲು ತಡೆಯುವುದಿಲ್ಲ. ಕೆಂಪು ಅದಕ್ಕೆ ಕೊಡೆ."

ಆ ಉತ್ತರ ನನಗೆ ಹಿಡಿಸಲಿಲ್ಲ. ಚಂದದ ವಸ್ತುವೊಂದನ್ನು ಟೀಚರುಗಳು ಹೀಗೇ ಹಾಳು ಮಾಡುತ್ತಾರೆ. ಆದರೆ ಅಮ್ಮನ ಭುಜ ನನ್ನ ಭುಜಕ್ಕೆ ತಾಗಿತ್ತು, ಹಾಗಾಗಿ ಸುಮ್ಮನಿದ್ದೆ.

ಗಿಡ ಮೇಲಕ್ಕೆ ಬೆಳೆದಂತೆ ಬುಡ ಬೋಳಾಗುತ್ತದೆ. ಕೆಂಪಿನ ತುದಿಗಳನ್ನು ಕತ್ತರಿಸಿ ಮತ್ತೆ ತಳದಲ್ಲಿ ಊರಬೇಕು. ಆಗ ಪೊದೆ ದಟ್ಟವಾಗುತ್ತದೆ, ಬಣ್ಣವೂ ನಿಲ್ಲುತ್ತದೆ. ಅಪ್ಪನ ದಪ್ಪ ಬೆರಳುಗಳಿಗೆ ಆ ಕೆಲಸ ಬಗ್ಗಲಿಲ್ಲ, ನನ್ನ ಕೈ ತಳಕ್ಕೆ ಎಟುಕಲಿಲ್ಲ. ಅಮ್ಮ ಒಂದು ದಿನ ತೋಳು ಮಡಚಿ, ಭುಜದವರೆಗೂ ಕೈಯನ್ನು ಆ ತಣ್ಣೀರಿಗೆ ಇಳಿಸಿದಳು. ಒಂದೊಂದು ತುದಿಯನ್ನೂ ಎರಡು ಬೆರಳಲ್ಲಿ ಹಿಡಿದು ಜಲ್ಲಿಯೊಳಗೆ ಊರಿ, ಬುಡ ಒತ್ತಿ, ಕೈ ಮೆಲ್ಲಗೆ ತೆಗೆಯುತ್ತಿದ್ದಳು. ಅಷ್ಟು ಹೊತ್ತು ಅವಳ ಮುಖ ನೆಮ್ಮದಿಯಲ್ಲಿತ್ತು. ಅಜ್ಜಿ ಮೆಣಸಿನ ಕಷಾಯ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಬಾಣಂತಿ ತಣ್ಣೀರಿಗೆ ಕೈ ಹಾಕುವುದುಂಟಾ? ತೆಗಿ ಕೈ."

"ಎಂತ ಬಾಣಂತಿ ಅಮ್ಮ? ಯಾರ ಬಾಣಂತಿ ನಾನು?"

ಅಷ್ಟು ದಿನ ನಾವೆಲ್ಲ ಸುತ್ತಿ ಬಳಸಿ ತಪ್ಪಿಸಿಕೊಂಡದ್ದು ಅವಳ ಬಾಯಿಯಿಂದಲೇ ಹೊರಬಿತ್ತು. ಅಜ್ಜಿ ಕಷಾಯವನ್ನು ಕಿಟಕಿಯ ಬದಿಯಲ್ಲಿಟ್ಟು ಹೋದಳು. ಆಮೇಲೆ ದಿನಾ ಅದೇ ಜಗಳ. ಅಮ್ಮ ದಿನಕ್ಕೆ ಎರಡು ಸಲ ನೀರಿಗೆ ಕೈ ಹಾಕುತ್ತಿದ್ದಳು, ಅಜ್ಜಿ ದಿನಕ್ಕೆ ಎರಡು ಸಲ ಅಳುತ್ತಿದ್ದಳು. ಅಪ್ಪ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಅಂಗಡಿಯಲ್ಲೇ ಹೊತ್ತು ಕಳೆಯುತ್ತಿದ್ದ. ಚಳಿಯೂ ಹೆಚ್ಚುತ್ತಿತ್ತು, ಬೆಳಿಗ್ಗೆ ಕೊಡಪಾನದ ನೀರು ಮುಟ್ಟಿದರೆ ನನಗೇ ಮೈ ಜುಮ್ಮೆನ್ನುತ್ತಿತ್ತು. ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಒಬ್ಬಳೇ ಮಗಳು, ಮೊಮ್ಮಗ ಹೋದ, ಇನ್ನು ಈ ಮಗಳ ಕೈಯೂ ಕಾಲೂ ಹೋದರೆ ಎಂತ ಮಾಡುವುದು ಎಂದು ಒಲೆಯ ಮುಂದೆ ಕುಳಿತು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಆ ಆದಿತ್ಯವಾರ ಬೆಳಿಗ್ಗೆ ನಾನು ಚಾವಡಿಯಲ್ಲಿ ಹೋಂವರ್ಕ್ ಮಾಡುತ್ತಿದ್ದೆ. ಅಪ್ಪ ಪೇಟೆಗೆ ಮೀನಿಗೆ ಹೋಗಿದ್ದ. ಅಮ್ಮ ಬಿಸಿಲು ಕಾಯಲು ಹಿಂದಿನ ಜಗಲಿಯಲ್ಲಿ ಕುಳಿತಿದ್ದಳು. ಅಜ್ಜಿ ಬಚ್ಚಲಿಗೂ ನಡುಕೋಣೆಗೂ ಕೊಡಪಾನ ಹಿಡಿದು ಓಡಾಡುತ್ತಿದ್ದಳು. ಕೋಣೆ ಒರೆಸುತ್ತಿದ್ದಾಳೆ ಎಂದುಕೊಂಡೆ. ಅವಳು ತೊಟ್ಟಿಯ ತಣ್ಣೀರನ್ನು ಚೆಂಬಿನಿಂದ ತೆಗೆತೆಗೆದು ಹೊರಗೆ ಚೆಲ್ಲಿ, ಹಂಡೆಯ ಬಿಸಿನೀರನ್ನು ತುಂಬುತ್ತಿದ್ದಳು. ಮಗಳು ಹೇಳಿದರೆ ಕೇಳುವವಳಲ್ಲ, ಕೈ ಹಾಕದೆ ಬಿಡುವವಳಲ್ಲ. ಹಾಗಾದರೆ ನೀರಾದರೂ ಬೆಚ್ಚಗಿರಲಿ. ಅಷ್ಟೇ ಅವಳ ಯೋಚನೆ. ನೀರನ್ನು ಕಣ್ಣಂದಾಜಿಗೆ ಬಿಟ್ಟವಳೂ ಅಲ್ಲ. ನಾನು ಒಳಗೆ ಹೋದಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಯ ಮೇಲೆ ಬಗ್ಗಿ, ನೀರಿಗೆ ಮೊಣಕೈ ಅದ್ದಿ ಹದ ನೋಡುತ್ತಿದ್ದಳು.

"ಸರಿ ಆಯಿತು. ಇನ್ನು ಕೈ ಹಾಕಲಿ," ಅಂದಳು ನನಗೆ, ತೃಪ್ತಿಯಿಂದ.

ಮೀನುಗಳು ಆಗಲೇ ಮಗ್ಗುಲಾಗಿ ಮೇಲೆ ತೇಲುತ್ತಿದ್ದವು. ನೀರಿನ ಮೇಲೆ ಆವಿ ಕವಿದಿದ್ದರಿಂದ, ಹದದ ಮೇಲೆಯೇ ಗಮನವಿದ್ದ ಅವಳಿಗೆ ಕಂಡಿರಲಿಲ್ಲ. ನಾನು ಕೂಗಿದೆ. ಅಮ್ಮ ಜಗಲಿಯಿಂದ ಬಂದಳು. ಕೆಂಪು ಎಲೆಗಳು ಇನ್ನೂ ಕಾಂಡದಲ್ಲೇ ಇದ್ದವು, ಆದರೆ ಬೇಯಿಸಿದ ಸೊಪ್ಪಿನಂತೆ ಜೋತು ಬಿದ್ದಿದ್ದವು. ಅಮ್ಮ ಮುಟ್ಟಿದ್ದೇ ಒಂದು ಅವಳ ಬೆರಳಿಗೆ ಅಂಟಿಕೊಂಡು ಬಂತು. ಅವಳು ಅದನ್ನು ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತು ಅಳಲು ಸುರು ಮಾಡಿದಳು. ನಾನು ಅವಳು ಅಳುವುದನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಬದಿಯ ಮನೆಯವರು ಬೇಲಿಯ ಹತ್ತಿರ ಬಂದು ನಿಲ್ಲುವಷ್ಟು ಜೋರಾಗಿ ಅತ್ತಳು. ನನಗೆ ಹೆದರಿಕೆಯಾಯಿತು. ಎಲ್ಲ ಮುಗಿಯಿತು, ಇನ್ನು ಅವಳು ಗೋಡೆಯ ಕಡೆ ತಿರುಗುತ್ತಾಳೆ, ಈ ಸಲ ಯಾವ ಎಲೆಗೂ ಕರೆದು ತರಲು ಆಗುವುದಿಲ್ಲ ಎಂದುಕೊಂಡೆ. ಅಜ್ಜಿಯನ್ನು ನೂಕಿ ಹೊರಗೆ ಹಾಕಬೇಕು ಅನ್ನಿಸಿತು.

ಅಜ್ಜಿ ಖಾಲಿ ಕೊಡಪಾನ ಹಿಡಿದು ನಿಂತೇ ಇದ್ದಳು.

"ನನಗೆ ಗೊತ್ತಾಗಲಿಲ್ಲ ಮಗಾ," ಅಂದಳು ಅಮ್ಮನಿಗೆ. "ಮೀಯಿಸುವ ಹದಕ್ಕೇ ಮಾಡಿದ್ದು. ಹೆಚ್ಚು ಬಿಸಿ ಇರಲಿಲ್ಲ. ನನ್ನ ಕೈಗೆ ಬೇರೆ ಹದ ಗೊತ್ತಿಲ್ಲ."

ಅಮ್ಮ ತಲೆ ಎತ್ತಿದಳು. ಅಜ್ಜಿ ಈಗ ಅವಳನ್ನು ನೋಡುತ್ತಿರಲಿಲ್ಲ, ತೊಟ್ಟಿಯನ್ನು ನೋಡುತ್ತಿದ್ದಳು.

"ಇದೇ ಹದ. ಅವನನ್ನು ಮೀಯಿಸಿದ್ದೂ ಇದೇ ಹದದಲ್ಲಿ."

ಅಜೆಕಾರಿನ ತೋಟದ ಕೆಲಸ ಎಂತದ್ದೆಂದು ನನಗೆ ಆಗ ಗೊತ್ತಾಯಿತು. ಅಪ್ಪ ಅವನನ್ನು ಬಟ್ಟೆಯಲ್ಲಿ ಸುತ್ತಿ ಅಜೆಕಾರಿಗೆ ಒಯ್ದಾಗ ಅಜ್ಜಿಯೂ ಜೊತೆಗೆ ಹೋಗಿದ್ದಳು. ಮಣ್ಣಿಗೆ ಕೊಡುವ ಮೊದಲು ಒಂದು ಸಲ ಕೊಡಿ ಎಂದು ಕೇಳಿ ತೆಗೆದುಕೊಂಡು, ನೀರು ಕಾಯಿಸಿ, ಕಾಲು ನೀಡಿ ಕುಳಿತು ಮೀಯಿಸಿದ್ದಳು. ಅಮ್ಮನಿಗೆ ಆಸ್ಪತ್ರೆಯಲ್ಲಿ ಅವನನ್ನು ತೋರಿಸಿರಲಿಲ್ಲ. ನೋಡಿದರೆ ಮರೆಯುವುದು ಕಷ್ಟ ಎಂದು ತೋರಿಸಬೇಡಿ ಅಂದವಳೂ ಅಜ್ಜಿಯೇ. ಅವಳು ಇದನ್ನೆಲ್ಲ ನೆಲ ನೋಡುತ್ತ ಹೇಳಿದಳು. ನಾನಲ್ಲಿ ಇದ್ದೇನೆ ಎಂಬುದು ಇಬ್ಬರಿಗೂ ಮರೆತಿತ್ತು.

ಅಮ್ಮ ಅಳು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ಕೂದಲು ಇತ್ತಾ?" ಎಂದು ಕೇಳಿದಳು.

"ಇತ್ತು. ತಲೆ ತುಂಬ ಇತ್ತು. ಒರೆಸಲಿಕ್ಕೆ ಎರಡು ತುಂಡು ಬೇಕಾಯಿತು."

"ಎಂತ ಬಣ್ಣ ಇದ್ದ?"

ಅಜ್ಜಿ ಕೊಡಪಾನ ಕೆಳಗಿಟ್ಟು ಅವಳ ಹತ್ತಿರ ನೆಲದಲ್ಲಿ ಕುಳಿತಳು.

"ಕೆಂಪು," ಅಂದಳು. "ಲಾಯ್ಕ ಕೆಂಪು ಇದ್ದ ಮಗಾ. ಈ ನಿನ್ನ ಎಲೆಯ ಹಾಗೆ."

ತೊಟ್ಟಿಯ ಎಲೆಗಳು ಎರಡು ದಿನದಲ್ಲಿ ಕೊಳೆತು ಹೋದವು. ಕಾಂಡದ ಗಂಟುಗಳಲ್ಲಿ ಸ್ವಲ್ಪ ಜೀವ ಉಳಿದಿತ್ತು, ನೀರು ಬದಲಿಸಿದ ಮೇಲೆ ಹಸಿರು ಚಿಗುರು ಬಂತು. ಅದು ಕೆಂಪಾಗುವ ಮೊದಲೇ ಅಮ್ಮ ಬಜಗೋಳಿಯ ಶಾಲೆಗೆ ಹೋಗಲು ಸುರು ಮಾಡಿದಳು, ಅಜ್ಜಿಯೂ ಊರಿಗೆ ಹೊರಟಳು. ನಾನು ಮುಂದೆ ನರ್ಸಿಂಗ್ ಓದಿದೆ, ಹೆರಿಗೆ ವಾರ್ಡುಗಳಲ್ಲೇ ನನ್ನ ಹೆಚ್ಚಿನ ವರ್ಷ ಕಳೆಯಿತು. ಒಳಗೇ ಜೀವ ಹೋದ ಮಕ್ಕಳನ್ನು ಈ ಕೈಯಲ್ಲಿ ಎತ್ತಿಕೊಂಡಿದ್ದೇನೆ. ಅವು ಯಾವ ಬಣ್ಣ ಇರುತ್ತವೆ ಎಂದು ನನಗೆ ಗೊತ್ತು, ಎಲೆಯ ಹಾಗೆ ಲಾಯ್ಕ ಕೆಂಪು ಅಲ್ಲ. ಎಲೆ ಎಂತಕ್ಕೆ ಕೆಂಪಾಗುತ್ತದೆ ಎಂದು ಹೇಳಿಕೊಟ್ಟ ಅಮ್ಮನಿಗೆ ಅಂದೂ ಅದು ಗೊತ್ತಿಲ್ಲದೆ ಇರಲಿಲ್ಲ. ಆದರೂ ಆ ದಿನ ಅವಳು ಅಜ್ಜಿಯ ಒದ್ದೆ ಮೊಣಕೈ ಹಿಡಿದುಕೊಂಡು ಅದನ್ನೇ ಇನ್ನೊಂದು ಸಲ ಕೇಳಿದಳು, ಅಜ್ಜಿ ಇನ್ನೊಂದು ಸಲ ಹೇಳಿದಳು.